ಕದಿರಮ್ಮನ ಸೀಮೆಸುಣ್ಣ

ಚಿಂತಾಮಣಿ ಬಿಟ್ಟು ಮುರುಗಮಲ್ಲದ ಕಡೆ ಹೊರಟರೆ, ಊರು ಮುಗಿಯುವಲ್ಲಿ ಎಡಗಡೆಗೆ ಒಂದು ಟೈರು ಅಂಗಡಿ ಸಿಗುತ್ತದೆ. ಬೋರ್ಡಿನ ಮೇಲಿರುವುದು ಮುನಿಶಾಮಪ್ಪನವರ ಹೆಸರು. ಕೆಲಸ ಮಾಡುವವಳು ಅವರ ಸೊಸೆ ಕದಿರಮ್ಮ. ಎಂಟು ವರ್ಷದಿಂದ ಹೀಗೇ ನಡೆದಿದ್ದರೂ ಬೋರ್ಡು ಬದಲಿಸಬೇಕೆಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ಕದಿರಮ್ಮನಿಗೆ ತೋಚಿತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಅವಳು ಕಳವಾರ ಎಂಬ ಊರಿನ ಹೆಣ್ಣು. ತವರಿನಲ್ಲಿ ದ್ರಾಕ್ಷಿ ತೋಟ, ಗಂಡನ ಮನೆಯಲ್ಲೂ ಹೊಲ ಉಂಟು. ಮಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, ಹಾಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಗಂಡ ಚನ್ನಕೇಶವ ಅಂಗಡಿ ಮುಚ್ಚೋಣವೆಂದ. ಅಷ್ಟರಲ್ಲಾಗಲೇ ಆರು ವರ್ಷ ಮಾವನ ಪಕ್ಕ ನಿಂತು ಕೆಲಸ ಕಲಿತಿದ್ದ ಕದಿರಮ್ಮ ಒಪ್ಪಲಿಲ್ಲ. ಹೊಲಮನೆ ಇರುವ ಹೆಂಗಸು ಗ್ರೀಸು ಮೆತ್ತಿಕೊಂಡು ರಸ್ತೆ ಬದಿ ಕೂತರೆ ನಾಲ್ಕು ಜನ ಏನಂದಾರು ಎಂದು ನೆಂಟರು ಕೇಳಿದರು. ಆ ನಾಲ್ಕು ಜನರ ಗಾಡಿಯೂ ಒಂದಲ್ಲ ಒಂದು ದಿನ ಪಂಚರ್ ಆಗುತ್ತದೆ, ಆಗ ಇಲ್ಲಿಗೇ ಬರಲಿ ಎಂದಳು.

ಜೀಪಿನ ಹಿಂದೆ ಕಟ್ಟುವ ಟ್ರೈಲರುಗಳ ಚಕ್ರ ಬ್ಯಾಲೆನ್ಸ್ ಮಾಡುವುದರಲ್ಲಿ ಆ ಅಂಗಡಿಗೆ ಹೆಸರಿತ್ತು. ಜಾಕಿ ಕೊಟ್ಟು ಟ್ರೈಲರನ್ನು ಎತ್ತಬೇಕು. ಚಕ್ರವನ್ನು ಬೋಲ್ಟಿನಿಂದ ಬಿಗಿದಿರುವ ನಡುವಿನ ಗುಂಬ, ಅಂದರೆ ಹಬ್ಬು, ಅದರ ನಟ್ಟು ಸ್ವಲ್ಪ ಸಡಿಲಿಸಿ, ಚಕ್ರವನ್ನು ತನ್ನಷ್ಟಕ್ಕೆ ತಿರುಗಲು ಬಿಡಬೇಕು. ಭಾರದ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದರ ನೇರಕ್ಕೆ ಮೇಲ್ಗಡೆ ಸೀಸದ ತುಂಡು ಕೂರಿಸುವುದು, ಮತ್ತೆ ತಿರುಗಿಸುವುದು. ಎಲ್ಲಿ ಬಿಟ್ಟರೆ ಅಲ್ಲೇ ಚಕ್ರ ನಿಂತಿತೋ, ಕೆಲಸ ಮುಗಿಯಿತು. ಮುಗಿದ ಚಕ್ರದ ಮೇಲೆ ಮುನಿಶಾಮಪ್ಪ ಸೀಮೆಸುಣ್ಣದಿಂದ ‘ಮು’ ಎಂದು ಬರೆಯುತ್ತಿದ್ದರು. ಅವರ ಕೈ ನಿಂತ ಮೇಲೂ ಕದಿರಮ್ಮ ‘ಮು’ ಎಂದೇ ಬರೆದಳು. ಮುದುಕ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಾನೆ, ಇವಳು ಮಾಡುತ್ತಾಳೆ ಎಂದು ಗಿರಾಕಿಗಳು ನಂಬಿದ್ದರು. ನಂಬಿಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯೇ ಅವಳಿಗೆ ಮುಳುವಾಯಿತು.

ನಂದಿಯ ಹತ್ತಿರ ನರ್ಸರಿ ಇಟ್ಟಿರುವ ಮುರಳಿಮೋಹನ್‌ಗೆ ಆರು ಟ್ರೈಲರುಗಳಿವೆ. ಟೊಮ್ಯಾಟೊ ಸಸಿಗಳ ಟ್ರೇ ತುಂಬಿಕೊಂಡು ಶಿಡ್ಲಘಟ್ಟ, ಗೌರಿಬಿದನೂರು ಎಂದು ಓಡಾಡುತ್ತವೆ. ಈ ಸಲ ಬೇರಿಂಗ್ ಕೆಲಸ ಕದಿರಮ್ಮನಲ್ಲಿ ಮಾಡಿಸಿ, ಬ್ಯಾಲೆನ್ಸಿಂಗನ್ನು ಮಾತ್ರ ರಸ್ತೆಯಾಚೆ ಚಿರಂಜೀವಿ ಹೊಸದಾಗಿ ತೆರೆದ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ. ಅಲ್ಲಿ ಅಚ್ಚಾದ ಚೀಟಿ ಕೊಡುತ್ತಾರೆ. ಆದರೆ ವೇಗ ಹೆಚ್ಚಿದೊಡನೆ ಟ್ರೈಲರು ಗಡಗಡ ಅದುರಿತು. ಅರ್ಧದಷ್ಟು ಸಸಿಗಳು ಬುಡ ಸಡಿಲವಾಗಿ ಬಾಡಿಹೋದವು. ಆ ಟ್ರೈಲರನ್ನು ಎಳೆತಂದು, ಚೀಟಿ ಹಿಡಿದುಕೊಂಡೇ ಮುರಳಿಮೋಹನ್ ಕದಿರಮ್ಮನ ಅಂಗಡಿಗೆ ಬಂದ. ಇನ್ನಿಬ್ಬರು ಗಿರಾಕಿಗಳಿದ್ದರು. ಕುರ್ಚಿಯಲ್ಲಿ ಮಾವನೂ ಇದ್ದರು.

"ಮಿಷನ್ನಲ್ಲಿ ಸೊನ್ನೆ ಬಂದದೆ ನೋಡಿ ಅಕ್ಕ, ಒಂದು ಗ್ರಾಮೂ ಹೆಚ್ಚುಕಮ್ಮಿ ಇಲ್ಲ. ಹಂಗಂದ್ರೆ ನಿಮ್ಮ ಬೇರಿಂಗೇ ಸರಿಯಿಲ್ಲ" ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ದೊಡ್ಡೋರು ಕೂತ್ಮೇಲೆ ಕೆಲಸ ಕೆಟ್ಟೋಯ್ತು. ನೀವು ಮು ಅಂತ ಬರೆದ್ರೆ ಅದು ಅವರ ಕೆಲಸ ಆಗ್ಬಿಡ್ತದಾ?"

ಕದಿರಮ್ಮನಿಗೆ ಮೈಯೆಲ್ಲ ಉರಿಯಿತು. ಈ ಮಾತು ನಾಲ್ಕು ನರ್ಸರಿ ದಾಟಿದರೆ ನಾಳೆಯಿಂದ ಒಂದು ಟ್ರೈಲರೂ ಇಲ್ಲಿ ನಿಲ್ಲುವುದಿಲ್ಲ, ಅದು ಅವಳಿಗೆ ಗೊತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಎಂಟು ವರ್ಷದ ತನ್ನ ಒಳ್ಳೆಯ ಕೆಲಸವೆಲ್ಲ ಮಾವನ ಲೆಕ್ಕಕ್ಕೆ ಹೋಗಿ, ಕೆಟ್ಟದ್ದೊಂದು ಮಾತ್ರ ತನ್ನ ತಲೆಗೆ ಬಂದದ್ದು. ಟ್ರೈಲರಿನ ಚಕ್ರ ಬಿಚ್ಚಿ, ರಸ್ತೆ ದಾಟಿಸಿ ಉರುಳಿಸಿಕೊಂಡು ಹೋದಳು. ಮುರಳಿಮೋಹನ್ ಹಿಂದೆಯೇ ಬಂದ. ಗಿರಾಕಿಗಳು ಬರದೆ ಇರುತ್ತಾರೆಯೇ?

ಚಿರಂಜೀವಿ ಅವಳು ಹೇಳಿದಂತೆ ಚಕ್ರವನ್ನು ಮಿಷನ್ನಿಗೆ ಹಾಕಿ ತಿರುಗಿಸಿದ. ಸೊನ್ನೆ ಬಂತು. ಮುರಳಿಮೋಹನ್ ಮುಖ ಅರಳಿತು.

"ಈಗ ಬಿಚ್ಚು ಕಣಪ್ಪ. ಚಕ್ರಾನ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿ" ಎಂದಳು ಕದಿರಮ್ಮ.

ಅದೇ ಚಕ್ರ, ಅದೇ ಮಿಷನ್ನು. ಈ ಸಲ ಎಪ್ಪತ್ತು ಗ್ರಾಂ ಎಂದು ತೋರಿಸಿತು. ಚಿರಂಜೀವಿ ತಾನೇ ಬಿಚ್ಚಿ ಇನ್ನೊಮ್ಮೆ ಕೂರಿಸಿದ. ನಲವತ್ತು ಬಂತು.

ಕದಿರಮ್ಮ ಚಕ್ರದ ನಡುವಿನ ತೂತಿನೊಳಗೆ ಬೆರಳಾಡಿಸಿ ತೋರಿಸಿದಳು. ಮಿಷನ್ನು ಚಕ್ರವನ್ನು ಹಿಡಿಯುವುದು ಈ ತೂತಿನಲ್ಲಿ. ಕಾರಿನ ಚಕ್ರಕ್ಕಾದರೆ ಸರಿ, ಅಲ್ಲಿ ತೂತನ್ನು ಅಳತೆಗೆ ಸರಿಯಾಗಿ ಕೊರೆದಿರುತ್ತಾರೆ. ಈ ಟ್ರೈಲರಿನ ಚಕ್ರದಲ್ಲಿ ಅದು ಹಬ್ಬಿನ ಮೂತಿ ಹೊರಗೆ ಬರಲಿ ಎಂದು ಬಿಟ್ಟ ಒರಟು ತೂತು. ಚಕ್ರವನ್ನು ನಡುವಿಗೆ ನಿಲ್ಲಿಸುವುದು ಸುತ್ತಲಿನ ಐದು ಬೋಲ್ಟು.

"ಗಾಡಿ ಎಲ್ಲಿ ಹಿಡ್ಕೊಂಡಿರ್ತದೋ ಅಲ್ಲೇ ಹಿಡಿದು ತೂಗಬೇಕು ಮುರಳಣ್ಣ. ಬೇರೆ ಕಡೆ ಹಿಡಿದ್ರೆ ಚೀಟಿ ಬರ್ತದೆ, ಬ್ಯಾಲೆನ್ಸ್ ಬರಲ್ಲ."

ಬೋಲ್ಟಿನ ತೂತುಗಳಲ್ಲಿ ಹಿಡಿಯುವ ಪ್ಲೇಟೊಂದು ಈ ಮಿಷನ್ನಿಗೇ ಸಿಗುತ್ತದೆ, ಯಾರೂ ಕೇಳುವುದಿಲ್ಲವೆಂದು ತರಿಸಿರಲಿಲ್ಲ ಎಂದು ಚಿರಂಜೀವಿ ಒಪ್ಪಿಕೊಂಡ. ಹುಡುಗ ಸುಳ್ಳನಲ್ಲ. ಪ್ಲೇಟು ತರಿಸಿಕೋ, ಆಮೇಲೆ ಅಗಲ ಟೈರುಗಳಿಗೆ ನನ್ನ ಕೈಗಿಂತ ನಿನ್ನ ಮಿಷನ್ನೇ ಮೇಲು, ನಾನೇ ಗಿರಾಕಿ ಕಳಿಸುತ್ತೇನೆ ಎಂದಳು ಕದಿರಮ್ಮ. ಅಲ್ಲಿವರೆಗೆ ಟ್ರೈಲರಿಗೆ ಚೀಟಿ ಹರಿದು ಕೊಡಬೇಡ ಎಂದಳು.

ಹನ್ನೆರಡು ಚಕ್ರವನ್ನೂ ಹಬ್ಬಿನ ಮೇಲೆಯೇ ಮಾಡಿಕೊಡಿ ಎಂದು ಮುರಳಿಮೋಹನ್ ಕೇಳಿಕೊಂಡ. ಎರಡು ದಿನ ಹಿಡಿಯಿತು. ಮೊದಲ ಟ್ರೈಲರನ್ನು ಅವನೇ ಜೀಪಿಗೆ ಕಟ್ಟಿ ಶಿಡ್ಲಘಟ್ಟದವರೆಗೆ ಓಡಿಸಿ ಬಂದ. ಒಂದು ಟ್ರೇಯೂ ಕದಲಿರಲಿಲ್ಲ. ಅಂದು ಆಡಿದ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಎಂದ. ಬೇಜಾರಾಗಿದೆ ಎಂದೇ ಅವಳು ಹೇಳಿದಳು.

ಆಮೇಲೆ ಕದಿರಮ್ಮ ಸೀಮೆಸುಣ್ಣ ತೆಗೆದು ಟೈರಿನ ಮೇಲೆ ‘ಕದಿರಮ್ಮ’ ಎಂದು ಬರೆದಳು, ಪೂರ್ತಿ ಹೆಸರು, ಅಂಗೈಯಗಲದ ಅಕ್ಷರ.

"ಅಕ್ಕ, ಮು ಅಂತಾನೇ ಬರೀರಿ. ನಮ್ಮ ಡ್ರೈವರುಗಳಿಗೆ ಅದೇ ಅಭ್ಯಾಸ" ಎಂದ ಮುರಳಿಮೋಹನ್.

ಅವಳು ಕುರ್ಚಿಯ ಕಡೆ ನೋಡಿದಳು. ಮುನಿಶಾಮಪ್ಪ ಎಡಗೈ ಎತ್ತಿ, ಅಲ್ಲೂ ನಿನ್ನ ಹೆಸರೇ ಬರಿ ಎನ್ನುವಂತೆ ಮುಂದಿನ ಚಕ್ರ ತೋರಿಸಿದರು.

"ಅಭ್ಯಾಸ ಬದಲಾಯಿಸ್ಕೊಳ್ಳಲಿ" ಎಂದು ಕದಿರಮ್ಮ ಎರಡನೆಯ ಚಕ್ರದ ಮುಂದೆ ಕೂತಳು.