ಪಂಪ್‌ಸೆಟ್ಟಿನ ಶ್ರುತಿ

ನಾನು ಹೊಸಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನು. ಅಪರೂಪಕ್ಕೆ ಪಿಯಾನೊಗೂ ಶ್ರುತಿ ಕೂಡಿಸುತ್ತೇನೆ. ಕಡ್ಡಿರಾಂಪುರದ ಬಾಳೆತೋಟದ ಪಕ್ಕ ಪಿಯಾನೊ ನುಡಿಸುವ ಮೇಡಂ ಒಬ್ಬರು ಒಂಟಿಯಾಗಿದ್ದಾರೆ. ಮನೆಯಲ್ಲಿ ಮಂಚವಿಲ್ಲ, ಟಿ.ವಿ. ಇಲ್ಲ, ಪಡಸಾಲೆ ತುಂಬ ಪಿಯಾನೊ.

ಮೊದಲ ಸಲ ಹೋದಾಗ ಅದರ ಶ್ರುತಿ ಪೂರಾ ಇಳಿದಿತ್ತು. ಬೆಳಿಗ್ಗೆಯಿಂದ ಇನ್ನೂರು ಚಿಲ್ಲರೆ ತಂತಿ ಬಿಗಿದು, ಬೆವರು ಒರೆಸಿಕೊಂಡು, "ನುಡಿಸ್ರಿ ಮೇಡಂ" ಅಂದೆ.

"ಇನ್ನೂ ಕರೆಂಟ್ ಬಂದಿಲ್ಲಲ್ರಿ."

ಪಿಯಾನೊಗೆ ಯಾತರ ಕರೆಂಟು? ಕಾಯುತ್ತ ಕೂತೆ.

ಮೂರು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು. ತೋಟದ ಮೋಟರ್ ಗುಂಯ್ ಅಂತ ಶುರುವಾಯಿತು. ಮೇಡಂ ಪಿಯಾನೊದ ಒಂದೇ ಒಂದು ಕೀ ಒತ್ತಿ, ಹುಣಸೆಕಾಯಿ ಕಚ್ಚಿದವರಂತೆ ಮುಖ ಕಿವುಚಿದರು.

"ಏನ್ ಮಾಡೀರಿ? ಮೋಟರ್‌ಗೆ ಕೂಡವಲ್ದಲ್ರಿ!"

ಆ ಮೋಟರನ್ನೇ ತಂಬೂರಿ ಮಾಡಿಕೊಂಡು ಅವರು ವರ್ಷಗಟ್ಟಲೆ ನುಡಿಸುತ್ತಿದ್ದರಂತೆ.

ನನಗೆ ರೇಗಿತು. "ನಾಟಕದವ್ರಿಗೆ ಕೂಡ್ಸೀನಿ, ಭಜನಿಯವ್ರಿಗೆ ಕೂಡ್ಸೀನಿ. ಮೋಟರ್‌ಗೆ ಹೆಂಗ್ರಿ ಕೂಡ್ಸೋದು?"

"ಬಾಳಿಗಿಡಕ್ಕ ನೀರು ಬ್ಯಾಡ ಅನ್ನಾಕ ಆಗತೈತೇನ್ರಿ? ನಾವ ಹೊಂದ್ಕೋಬೇಕು" ಎಂದು ಮಂಡಕ್ಕಿ, ಮಿರ್ಚಿ ತಂದಿಟ್ಟರು.

ಮರುದಿನ ಹೋಗಿ, ಹಿಂದಿನ ದಿನ ಕೇಳಿದ ಮೋಟರಿನ ಶ್ರುತಿಗೆ ಅಷ್ಟೂ ತಂತಿ ಮತ್ತೆ ಇಳಿಸಿದೆ. ಮೋಟರ್ ಶುರುವಾಯಿತು, ಮೇಡಂ ನುಡಿಸಿದರು. ಸುಳ್ಳು ಯಾಕೆ ಹೇಳಲಿ, ಎದ್ದು ಬರಲು ಮನಸ್ಸಾಗಲಿಲ್ಲ.

ಮೊನ್ನೆ ಅವರದೇ ಫೋನು. "ತೋಟದವ್ರು ಹೊಸ ಮೋಟರ್ ಹಾಕ್ಸ್ಯಾರ್ರಿ. ಭಾಳ ಮೇಲಿನ ಶ್ರುತಿ. ಜಲ್ದಿ ಬರ್ರಿ."

ಹೊರಟಿದ್ದೇನೆ. ಆ ತೋಟದವರಿಗೂ ಒಂದು ಮಾತು ಹೇಳಿ ಬರಬೇಕು: ಇಷ್ಟು ವರ್ಷ ಒಬ್ಬರ ಜೊತೆ ನುಡಿಸಿ, ಹೇಳದೆ ಕೇಳದೆ ವಾದ್ಯ ಬದಲಿಸಬಾರದು.