ಒದ್ದೆ ಸೆರಗು

ನನ್ನ ನೆಗೆಣ್ಣಿಯ ಸೆರಗಿನ ತುದಿ ಯಾವಾಗಲೂ ಒದ್ದೆ. ಕಿಟಕಿ ಸರಳು, ಟೀವಿಯ ತಲೆ, ಮಕ್ಕಳ ಮೂಗು ಎಲ್ಲವನ್ನೂ ಆ ಒಂದು ತುದಿಯಿಂದಲೇ ಒರೆಸುತ್ತಿದ್ದರು. ಅವರ ಹರಿಹರದ ಮನೆಯಲ್ಲಿ ನೀರು ಚಿಮುಕಿಸದೆ ಯಾರೂ ಕಸಬರಿಗೆ ಮುಟ್ಟುವಂತಿರಲಿಲ್ಲ. "ಎಬ್ಬಿಸಿದ ಧೂಳು ಕೂಡ್ರಾಕೆ ಜಾಗ ಹುಡುಕ್ತೈತೆ ನೋಡವ್ವ" ಎನ್ನುವುದು ಅವರ ಮಾತು. ಕಾನ್ವೆಂಟಿನಲ್ಲಿ ಓದಿದ ನಾನು ಅವರಿಗೆ ಮನಸ್ಸಿನಲ್ಲೇ 'ಫಸ್ಸಿ' ಎಂದು ಹೆಸರಿಟ್ಟಿದ್ದೆ. ಎದುರಿಗೆ ಮಾತ್ರ ಅಕ್ಕ.

ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಒಳಕೋಣೆಗೆ ನನ್ನ ಯಜಮಾನರು ಯಾವ ಕಾಲದಲ್ಲೋ ಸೀಲಿಂಗ್ ಟೈಲ್ಸ್ ಹಾಕಿಸಿದ್ದರು. ಬಿಳಿಯ ಚೌಕಗಳು, ಆಗ ವೆರಿ ಮಾಡರ್ನ್. ಈಗ ನೀರು ಜಿನುಗಿ ಒಂದೆರಡು ಜೋತುಬಿದ್ದಿದ್ದವು. ಅಂಚು ಮುಟ್ಟಿದರೆ ಬೂದಿಯಂಥ ಪುಡಿ. ಮೊಮ್ಮಗಳು ಬಾಣಂತನಕ್ಕೆ ಬರಬೇಕಾಗಿದ್ದುದು ಅದೇ ಕೋಣೆಗೆ. ಬಾಣಂತಿಗೆ ಥಂಡಿ ಗಾಳಿ ಸೋಕಬಾರದೆಂದು ನಾವು ಕಿಟಕಿಯ ಸಂದಿಗೂ ಬಟ್ಟೆ ತುರುಕುವವರು. ಕೂಸಿನ ಮೇಲೆ ಒಂದು ಚೌಕ ಕಳಚಿಬಿದ್ದರೆ? ಎಲ್ಲ ಕಿತ್ತು ಹಾಕಿಸಿಬಿಡೋಣವೆಂದು ನಿಟ್ಟುವಳ್ಳಿಯ ಮೇಸ್ತ್ರಿಗೆ ಹೇಳಿ ಕಳಿಸಿದೆ. ಅಕ್ಕನಿಗೂ ಫೋನಿನಲ್ಲಿ ತಿಳಿಸಿದೆ. ನಾನು ಹೇಳಿ ಮುಗಿಸುವ ಮೊದಲೇ ಫೋನ್ ನಿಂತಿತು. ಲೈನ್ ಕಟ್ ಆಯಿತೆಂದುಕೊಂಡೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಏಣಿ ಹಾಕಿ, ಸೆಕೆಗೆಂದು ಫ್ಯಾನ್ ಜೋರಾಗಿ ತಿರುಗಿಸಿ, ಸುತ್ತಿಗೆ ಎತ್ತುವ ಹೊತ್ತಿಗೆ ಅಕ್ಕ ಹರಿಹರದ ಬಸ್ಸಿಳಿದು ಬಂದೇಬಿಟ್ಟರು. ಚಪ್ಪಲಿಯನ್ನೂ ಬಿಡದೆ ನೇರ ಒಳಗೆ ಹೋಗಿ ಫ್ಯಾನ್ ಆರಿಸಿದರು. ಇದು ಹಳೇ ಶೀಟಿನ ಜಾತಿಯದೇ ಇರಬಹುದು, ಗೊತ್ತಾಗುವವರೆಗೂ ಇದರಲ್ಲೂ ಆ ವಿಷದ ನಾರು ಇದೆ ಅಂತಲೇ ತಿಳಿಯಬೇಕು, ಒಡೆಯಕೂಡದು ಎಂದರು. ಆಸ್‌ಬೆಸ್ಟಾಸ್, ಉಸಿರಿನೊಂದಿಗೆ ಒಳಹೋಗಿ ಎದೆ ಕೆಡಿಸುವ ಕಲ್ನಾರು, ಎಂಬ ಪದ ಆಗ ನನ್ನ ತಲೆಗೆ ಹೊಳೆಯಿತು.

ಮೇಸ್ತ್ರಿ ನಕ್ಕ. "ದಿನಾ ಇದೇ ಕೆಲ್ಸ ನಮ್ದು ಅಮ್ಮಾರೆ. ಮೂಗಿಗೆ ಟವಲ್ ಕಟ್ಕಂಡ್ರೆ ಮುಗೀತು."

"ದಿನಾ ಮಾಡ್ತಿಯಂತಲೇ ಹೇಳ್ತಿರೋದಪ್ಪ. ನಮ್ಮನೆಯವ್ರೂ ಟವಲ್ಲೇ ಕಟ್ತಿದ್ರು" ಎಂದರು ಅಕ್ಕ.

ಅವನು ಸುತ್ತಿಗೆ ಚೀಲಕ್ಕೆ ಹಾಕಿ ಏಣಿ ಇಳಿದ.

ಅಕ್ಕನ ಯಜಮಾನರು, ನಮ್ಮ ಭಾವನವರು, ಮನೆಗಳಿಗೆ ಅದೇ ನಾರಿನ ಸಿಮೆಂಟ್ ಶೀಟ್ ಕೊಯ್ದು ಹೊದಿಸುತ್ತಿದ್ದರು, ಉಸಿರು ಕಟ್ಟಿ ಹೋದರು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಕ್ಕ ಅವತ್ತು ಅಡುಗೆಮನೆಯಲ್ಲಿ, ಹುರುಳಿಕಾಯಿ ಸೋಸುತ್ತಾ ಹೇಳಿದರು. "ಅಂಗಿ ಬೆಳ್ಳಗಾಗಿರ್ತಿತ್ತು. ನೀರಿಗೆ ಹಾಕಾಕೆ ಮುಂಚೆ ನಾನು ಹಿತ್ಲಾಗೆ ನಿಂತು ಚೆನ್ನಾಗಿ ಜಾಡಿಸ್ತಿದ್ದೆ. ಇಲ್ದಿದ್ರೆ ನೀರು ಹೊಲಸಾಗ್ತೈತಲ್ಲ."

ನಾವೆಲ್ಲ ಹಾಗೆಯೇ ಅಲ್ಲವೇ ಬಟ್ಟೆ ಒಗೆದದ್ದು? ಆ ಧೂಳು ಅವರ ಎದೆಗೂ ಇಳಿದಿತ್ತೇನೋ. ಅವರು ಮೂರು ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಕೂರುವುದನ್ನು ನಾನು ವಯಸ್ಸೆಂದುಕೊಂಡಿದ್ದೆ.

ಉದುರಿಬಿದ್ದಿದ್ದ ಚೂರೊಂದನ್ನು ಒದ್ದೆ ಮಾಡಿ, ಚೀಲದಲ್ಲಿ ಮುಚ್ಚಿ ಪರೀಕ್ಷೆಗೆ ಕಳಿಸಿದೆವು. ಕೋಣೆಗೆ ಬೀಗ, ಬಾಗಿಲ ಸಂದಿಗೆ ಅಕ್ಕ ಒದ್ದೆ ಬಟ್ಟೆ ಒತ್ತಿದರು. ಅನುಮಾನ ನಿಜವಾಯಿತು. ಈ ಕೆಲಸ ಕಲಿತವರು ಹೊರಗಿನಿಂದ ಬಂದರು. ಮೈಮುಚ್ಚುವ ಉಡುಪು, ಸರಿಯಾದ ಮಾಸ್ಕ್. ಟೈಲ್ಸಿಗೆ ನೀರು ಸಿಂಪಡಿಸಿ, ಸ್ಕ್ರೂ ಬಿಚ್ಚಿ, ಒಂದೊಂದನ್ನೂ ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದರು. ಗೋಡೆ, ನೆಲವನ್ನೂ ಒದ್ದೆ ಬಟ್ಟೆಯಲ್ಲೇ ಒರೆಸಿದರು. ನಾವಿಬ್ಬರೂ ಎದುರುಮನೆ ಕಟ್ಟೆಯ ಮೇಲೆ. ಒಳಗೆ ಸಣ್ಣ ಸದ್ದಾದರೂ ಅಕ್ಕ ನನ್ನ ಕೈ ಹಿಡಿದು, "ಒಡೀಲಿಲ್ಲ ತಾನೆ?" ಎನ್ನುವರು.

ಅಷ್ಟರಲ್ಲಿ ಮೊಮ್ಮಗಳಿಗೆ ಹೆರಿಗೆಯಾಗಿ, ಬಾಣಂತನ ಹರಿಹರದಲ್ಲಿ ಅಕ್ಕನ ಮನೆಯಲ್ಲೇ ಶುರುವಾಯಿತು, ನಾನೂ ಅಲ್ಲೇ ಉಳಿದೆ. ಕೂಸಿಗೆ ಎರೆಯುವುದೂ ಅವರೇ. ಕೆಮ್ಮು ಬಂದರೆ ಮಾತ್ರ ಕೂಸನ್ನು ನನ್ನ ತೊಡೆಗೆ ದಾಟಿಸಿ, ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗುವರು. ಆ ಕೆಮ್ಮು ನಿಲ್ಲುವವರೆಗೆ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಭಾವನವರಿಗೆ ಬಂದದ್ದೇ ಅವರಿಗೂ ಬಂತೇ? ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಮುಂದಿನ ಯುಗಾದಿಗೆ ಅಕ್ಕ ಇರಲಿಲ್ಲ.

ಈಗ ಆ ಕೋಣೆಯ ಮೇಲೆ ಬರೀ ಗಾರೆ, ಸ್ಕ್ರೂ ಕಿತ್ತ ತೂತುಗಳು. ಪೇಂಟ್ ಮಾಡಿಸಿ ಎನ್ನುತ್ತಾರೆ. ಕೆರೆದರೆ ಧೂಳೇಳುತ್ತದೆಂದು ನಾನೇ ಬಿಟ್ಟಿದ್ದೇನೆ. ಸಿಲ್ಲಿ, ಐ ನೋ. ಮಧ್ಯಾಹ್ನ ಮರಿಮಗಳು ಅದರ ಕೆಳಗೆ ಮಲಗಿದಾಗ, ನಾನು ಬಗ್ಗಿ ಅವಳ ಮೂಗಿನ ಹತ್ತಿರ ಕಿವಿಯಿಡುತ್ತೇನೆ. ಉಸಿರು ಹೋಗುತ್ತದೆ, ಬರುತ್ತದೆ, ಎಲ್ಲೂ ತಡೆಯುವುದಿಲ್ಲ. ಆಮೇಲೆ ಅವಳ ಪುಟ್ಟ ಅಂಗಿಗಳನ್ನು, ಜಾಡಿಸದೆ, ಹಾಗೇ ನೀರಿಗೆ ಹಾಕುತ್ತೇನೆ.