ಮಲ್ಕಾಜ್‌ಗಿರಿಯ ಪಡಸಾಲೆಯಲ್ಲಿ ಸಮುದ್ರಯುದ್ಧ

ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಅಡರುವ ಮದ್ದಿನ ವಾಸನೆ ನಿಮಗೆ ಒಲೆಯನ್ನೋ ದೇವರ ದೀಪವನ್ನೋ ನೆನಪಿಸಬಹುದು. ನನಗೆ ಮಾತ್ರ ಸಮುದ್ರ ನೆನಪಾಗುತ್ತದೆ. ನಗಬೇಡಿ. ಮಲ್ಕಾಜ್‌ಗಿರಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ತಣ್ಣನೆಯ ಶಹಾಬಾದಿ ಕಲ್ಲುಗಳ ಮೇಲೆ, ಭಾನುವಾರ ಬಂತೆಂದರೆ ಖಾಲಿ ಬೆಂಕಿಪೊಟ್ಟಣಗಳ ಎರಡು ನೌಕಾಪಡೆಗಳು ಎದುರುಬದುರಾಗುತ್ತಿದ್ದವು. ತೋಪುಗಳಿಗೆ ಪೊರಕೆ ಕಡ್ಡಿ, ಹೊಗೆಗೆ ಹಿಂಜಿದ ಹತ್ತಿ. ಅವನ್ನೆಲ್ಲ ಮಾಡಿದವರು ನನ್ನ ಅಪ್ಪನ ತಮ್ಮ, ರೈಲ್ವೆ ನೌಕರಿಯಲ್ಲಿದ್ದ ವಸಂತ ಕಾಕಾ. ರಾಯಚೂರು ಕಡೆಯ ಈ ಮನುಷ್ಯ ಸಮುದ್ರವನ್ನು ಕಣ್ಣಾರೆ ಕಂಡಿರಲೇ ಇಲ್ಲ. ಆದರೆ ಕಳೆದ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ಉರಿಸಿ ಓಡುತ್ತಿದ್ದ ಉಕ್ಕಿನ ಯುದ್ಧನೌಕೆಗಳೆಂದರೆ ಜೀವ ಬಿಡುತ್ತಿದ್ದರು. ಅವುಗಳ ಕಾಳಗವನ್ನು ಮನೆಯಲ್ಲೇ ಆಡಲು ನಿಯಮ ಕಟ್ಟುವುದೇ ಅವರ ಹುಚ್ಚು.

ಹಡಗುಗಳಿಗೆಲ್ಲ ಸ್ಟೇಷನ್ನುಗಳ ಹೆಸರು. ಅವರ ದೊಡ್ಡ ಯುದ್ಧನೌಕೆ ವಾಡಿ ಜಂಕ್ಷನ್, ನನ್ನ ಪುಟ್ಟ ಟಾರ್ಪೆಡೊ ದೋಣಿ ತಾಂಡೂರು. ದೂರ ಎಷ್ಟೆಂದು ಕಣ್ಣಳತೆಯಲ್ಲಿ ಹೇಳಬೇಕು, ದಾರ ಹಿಡಿದು ಅಳೆದಾಗ ಸರಿಬಂದರೆ ದಾಳ ಹಾಕಬೇಕು. ಹತ್ತಿಯ ಹೊಗೆಯ ಮರೆಯಲ್ಲಿದ್ದ ಹಡಗಿಗೆ ಹೊಡೆಯುವಂತಿಲ್ಲ. ಮೊದಮೊದಲು ಕಾಕಾ ಮಾಡಿದ ನಿಯಮದಂತೆ ಹಡಗು ನೇರವಾಗಿ ಮಾತ್ರ ಹೋಗಬೇಕಿತ್ತು, ಮುಂದಿನ ಕಲ್ಲು ಖಾಲಿಯಾಗುವ ತನಕ ಹಿಂದಿನ ಹಡಗು ಕಾಯಬೇಕಿತ್ತು. "ಕಾಕಾ, ಹಡಗು ಹಳಿ ಮ್ಯಾಲೆ ಹೋಗಂಗಿಲ್ರಿ!" ಎಂದು ನಾನು ಬಿದ್ದು ಬಿದ್ದು ನಕ್ಕಿದ್ದೆ. ಕಾಕಾ ತಲೆ ಕೆರೆದುಕೊಂಡು, "ಹೌದಲ್ಲ! ಸಿಗ್ನಲ್ ಕಾಯೋ ಚಾಳಿ ಬಿಡವಲ್ದು ನೋಡು," ಎಂದು ಆ ನಿಯಮವನ್ನೇ ಕಿತ್ತುಹಾಕಿದರು. ಹೀಗೆ ವಾರವಾರವೂ ನಿಯಮ ಬದಲಾಗುತ್ತಿತ್ತು. ನಾನು ಸೋಲುವುದೊಂದು ಬದಲಾಗುತ್ತಿರಲಿಲ್ಲ.

ಕಾಕಾಗೆ ವಿಜಯವಾಡಕ್ಕೆ ವರ್ಗವಾಯಿತು. ಕೊನೆಯ ಭಾನುವಾರವಾದರೂ ಗೆಲ್ಲಲೇಬೇಕೆಂದು ಹಟ ಹಿಡಿದು ಕೂತೆ. ಅಂದು ತಾಂಡೂರು ಹತ್ತಿಯ ಹೊಗೆಯಲ್ಲಿ ನುಸುಳಿ ವಾಡಿ ಜಂಕ್ಷನ್ನನ್ನು ಮುಳುಗಿಸಿಯೇಬಿಟ್ಟಿತು! ಹೊಸ್ತಿಲೇ ನಮ್ಮ ಬಂದರು. ಇನ್ನೊಂದು ಪಾಳಿಯಲ್ಲಿ ಅದನ್ನು ಮುಟ್ಟಿದರೆ ಗೆಲುವು ನನ್ನದು. ಆದರೆ ಕಾಕಾನ ಉಳಿದೊಂದು ಹಡಗು, ಗುಂತಕಲ್, ತೋಪು ತಿರುಗಿಸಿಕೊಂಡು ಹತ್ತಿರದಲ್ಲೇ ಇತ್ತು. ನಿಂತರೆ ಕೆಟ್ಟೆ. ಆಗಲೇ, ಬಾಗಿಲ ಬಳಿ ಮೆಂತ್ಯಪಲ್ಯದ ಎಲೆ ಬಿಡಿಸುತ್ತ ಕೂತಿದ್ದ ಆಯಿ, ನನ್ನ ಅಜ್ಜಿ, ಕತ್ತೆತ್ತಿ, ಮುಳುಗಿದ ವಾಡಿ ಜಂಕ್ಷನ್ ತೋರಿಸಿ ಕೇಳಿದಳು: "ಅದರಾಗಿನ ಮಂದಿ ಏನಾದ್ರು?"

ಅಷ್ಟೊಂದು ಹಡಗು ಮುಳುಗಿಸಿದ್ದರೂ ನಮಗೆ ಆ ಯೋಚನೆಯೇ ಬಂದಿರಲಿಲ್ಲ. "ಅದಕ್ಕ ರೂಲ್ ಇಲ್ಲಬೇ ಯವ್ವಾ," ಎಂದರು ಕಾಕಾ.

"ಇಲ್ಲಂದ್ರ ಮಾಡು. ಸುಮ್ಮೀ, ಮೊದಲ ಅವರನ್ನ ಹತ್ತಿಸ್ಕೊ."

ನನಗೆ ಅಳುವೇ ಬಂತು. ಆದರೂ ತಾಂಡೂರನ್ನು ನಿಲ್ಲಿಸಿದೆ. ಕಾಕಾ ದಾಳ ಕುಲುಕಿದರು, ನನ್ನ ಮುಖ ನೋಡಿದರು, ಮತ್ತೆ ಅದನ್ನು ಜೇಬಿಗೆ ಹಾಕಿಕೊಂಡರು. "ಮಂದೀನ ಹತ್ತಿಸ್ಕೊಳ್ಳಾಕತ್ತ ಹಡಗಿಗೆ ಯಾರೂ ಹೊಡಿಯಂಗಿಲ್ಲ. ಇವತ್ತಿಂದ ಇದೂ ರೂಲ್." ಮುಂದಿನ ಪಾಳಿಗೆ ನಾನು ಹೊಸ್ತಿಲು ಮುಟ್ಟಿದೆ. ನನಗಿಂತ ಜೋರಾಗಿ ಕುಣಿದವರು ಸೋತ ಕಾಕಾ! ಆಯಿ ಮೂವರಿಗೂ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿದಳು. ಅಂಥ ಖುಷಿಯನ್ನು ನಾನು ಮತ್ತೆ ಕಂಡಿಲ್ಲ.

ಆ ಮನೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಆಯಿ ಹೋದಳು, ಕಾಕಾ ಕೂಡ ಹೋದರು. ಉಪ್ಪಲ್‌ನ ನಮ್ಮ ಮನೆಯ ಟೈಲ್ಸ್ ಮೇಲೆ ಮಗಳ ಜೊತೆ ಅದೇ ಆಟ ಆಡುತ್ತೇನೆ, ಅವಳೂ ಗೆಲ್ಲಬೇಕೆಂದು ನನ್ನಂತೆಯೇ ಹಲ್ಲು ಕಚ್ಚಿ ಕೂರುತ್ತಾಳೆ. ಒಮ್ಮೊಮ್ಮೆ ಅವರಿಬ್ಬರ ನೆನಪು ಉಕ್ಕಿ ಬಂದಾಗ, ಯಾವ ಹಡಗೂ ಮುಳುಗದಿದ್ದರೂ ನನ್ನ ದೋಣಿಯನ್ನು ನಡುಸಮುದ್ರದಲ್ಲಿ ನಿಲ್ಲಿಸಿಬಿಡುತ್ತೇನೆ.

"ಅವ್ವಾ, ಇಲ್ಲಿ ಯಾರೂ ಮುಳುಗಿಲ್ಲ, ಯಾಕ ನಿಂತಿ?" ಎನ್ನುತ್ತಾಳೆ ಮಗಳು.

"ಇರಲಿ ಬಿಡು," ಎನ್ನುತ್ತೇನೆ, "ಒಂದು ಪಾಳಿ ನಿಲ್ತೀನಿ."